ಪೋಕರ್ ಆಟಗಾರರ ಠೇವಣಿ ಮತ್ತು ಸಂಘಟನೆಯ ಪ್ರಶ್ನೆ

ಸಂಘ ಕಟ್ಟುವವರಿಗೆ ಸಾಮಾನ್ಯವಾಗಿ ತಮ್ಮೆಲ್ಲರಿಗೂ ಸೇರಿದ ಒಂದು ಹಿತವಿರುತ್ತದೆ, ಎದುರಿಗೆ ಒಬ್ಬ ಧಣಿಯಿರುತ್ತಾನೆ. ಆನ್‌ಲೈನ್ ಪೋಕರ್ ಆಡುವವರ ವಿಷಯದಲ್ಲಿ ಇವೆರಡೂ ಅಷ್ಟು ನಿಚ್ಚಳವಾಗಿಲ್ಲ. ಈ ಇಸ್ಪೀಟಾಟದಲ್ಲಿ ಆಟಗಾರರು ಪಣ ಒಡ್ಡುವುದು ಪರಸ್ಪರರ ವಿರುದ್ಧವೇ ಹೊರತು ಆಟ ನಡೆಸುವ ಕಂಪನಿಯ ವಿರುದ್ಧವಲ್ಲ. ಕಂಪನಿಯು ಕೂಡಿದ ಪಣದಿಂದ ಸಣ್ಣದೊಂದು ಪಾಲನ್ನು ಮುರಿದುಕೊಳ್ಳುತ್ತದೆ. ಈ ಕಡಿತಕ್ಕೆ ‘ರೇಕ್’ ಎಂದು ಹೆಸರು. ಹೀಗಾಗಿ ಗೆಲ್ಲುವವನ ಸಂಪಾದನೆ ಸೋಲುವವನ ಜೇಬಿನಿಂದಲೇ ಬರಬೇಕಾಗುತ್ತದೆ, ಮತ್ತು ಇಂಥ ಇಬ್ಬರು ಒಂದೇ ಸಂಘದ ಸದಸ್ಯರಾಗುವುದು ಬೆಕ್ಕೂ ಇಲಿಯೂ ಕೂಡಿ ಮನೆ ಮಾಡಿದಂತೆ ಕಾಣಬಹುದು. ಆದರೆ ಇಬ್ಬರ ಹಣವೂ ಆಟದ ಮೊದಲು, ಆಟದ ನಡುವೆ ಮತ್ತು ಆಟ ಮುಗಿದ ಮೇಲೂ ಕಂಪನಿಯ ಕೈಯಲ್ಲೇ ಇರುತ್ತದೆ ಎಂಬುದನ್ನು ಗಮನಿಸಿದರೆ, ಇವರು ಎದುರಾಳಿಗಳಾಗಿರುವಷ್ಟೇ ಒಂದೇ ಸಂಸ್ಥೆಯ ಠೇವಣಿದಾರರೂ ಆಗಿದ್ದಾರೆಂಬುದು ತಿಳಿಯುತ್ತದೆ.

ಈ ಮಾತಿನ ತೂಕ ಅಮೆರಿಕದ ಆಟಗಾರರಿಗೆ ಅರಿವಾದದ್ದು 2011ರ ಏಪ್ರಿಲ್ 15ರ ಶುಕ್ರವಾರ, ಪೋಕರ್ ವಲಯದಲ್ಲಿ ಇಂದಿಗೂ ‘ಬ್ಲ್ಯಾಕ್ ಫ್ರೈಡೇ’ ಎಂದೇ ಕರೆಯಲಾಗುವ ದಿನ. ಅಕ್ರಮ ಜೂಜಿನ ಸೈಟ್‌ಗಳಿಗೆ ಹಣ ರವಾನಿಸುವುದನ್ನು ನಿಷೇಧಿಸಿದ್ದ 2006ರ ಕಾಯ್ದೆಯನ್ನು ಉಲ್ಲಂಘಿಸಿ, ಬ್ಯಾಂಕುಗಳನ್ನು ವಂಚಿಸಿದ ಆರೋಪದ ಮೇಲೆ ಅಮೆರಿಕದ ನ್ಯಾಯ ಇಲಾಖೆಯು ಅಂದು ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್ ಪೋಕರ್ ಮತ್ತು ಆಬ್ಸಲ್ಯೂಟ್ ಪೋಕರ್ ಎಂಬ ಮೂರು ದೊಡ್ಡ ಸೈಟ್‌ಗಳ ಮೇಲೆ ಕ್ರಮ ಕೈಗೊಂಡಿತು. ಮೂರರ ಮೇಲೆ ಬಿದ್ದ ಏಟು ಒಂದೇ ಆದರೂ ಆಟಗಾರರಿಗೆ ಆದದ್ದು ಒಂದೇ ಅಲ್ಲ. ಐಲ್ ಆಫ್ ಮ್ಯಾನ್ ದ್ವೀಪದ ಪರವಾನಗಿ ಹೊಂದಿದ್ದ ಪೋಕರ್‌ಸ್ಟಾರ್ಸ್, ಆಟಗಾರರ ಹಣವನ್ನು ತನ್ನ ವ್ಯವಹಾರದ ಹಣದಿಂದ ಬೇರೆಯಾಗಿ ಇರಿಸಿದ್ದರಿಂದ ಕೆಲವೇ ವಾರಗಳಲ್ಲಿ ಅಮೆರಿಕದವರ ಬಾಕಿಯನ್ನು ಹಿಂದಿರುಗಿಸತೊಡಗಿತು. ಆಲ್ಡರ್ನಿ ದ್ವೀಪದ ಪರವಾನಗಿ ಹೊಂದಿದ್ದ ಫುಲ್ ಟಿಲ್ಟ್ ಮಾತ್ರ, ಸರ್ಕಾರದ ದಾವೆಯ ಪ್ರಕಾರ, 2011ರ ಮಾರ್ಚ್ ಅಂತ್ಯಕ್ಕೆ ಜಗತ್ತಿನಾದ್ಯಂತದ ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಕೊಡಬೇಕಿದ್ದರೂ ಅದರ ಬ್ಯಾಂಕ್ ಖಾತೆಗಳಲ್ಲಿ ಇದ್ದದ್ದು ಸುಮಾರು 6 ಕೋಟಿ ಡಾಲರ್ ಮಾತ್ರ, ಏಕೆಂದರೆ ಮಾಲೀಕರಿಗೆ ಹಲವು ವರ್ಷಗಳಿಂದ ಹಣ ಹಂಚುತ್ತ ಬಂದಿದ್ದ ಕಂಪನಿಯು, ಆಟಗಾರರ ಬ್ಯಾಂಕುಗಳಿಂದ ವಸೂಲಾಗದ ಠೇವಣಿಗಳನ್ನೂ ಅವರ ಖಾತೆಗಳಲ್ಲಿ ಜಮಾ ತೋರಿಸಿತ್ತು. ಪರದೆಯ ಮೇಲೆ ಕಾಣುತ್ತಿದ್ದ ಅಂಕಿಯನ್ನು ಇಟ್ಟುಕೊಂಡು ಜನ ಆಡುತ್ತಲೇ ಇದ್ದರು. ಅದರ ಹಿಂದೆ ದುಡ್ಡಿರಲಿಲ್ಲ. ಚೀಟಿ ಕಟ್ಟಿ ಕಳೆದುಕೊಂಡವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

2012ರ ಜುಲೈ ಅಂತ್ಯದಲ್ಲಿ ಪೋಕರ್‌ಸ್ಟಾರ್ಸ್ 73.1 ಕೋಟಿ ಡಾಲರ್ ತೆರಲು ಒಪ್ಪಿ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡು, ಫುಲ್ ಟಿಲ್ಟ್‌ನ ಆಸ್ತಿಯನ್ನು ತನ್ನದಾಗಿಸಿಕೊಂಡ ನಂತರವೇ ಹಣ ಮರಳುವ ದಾರಿ ತೆರೆಯಿತು. ಅಮೆರಿಕದ ಆಟಗಾರರ ಮೊದಲ ತಂಡಕ್ಕೆ, ಎಂದರೆ ಸುಮಾರು 27,500 ಮಂದಿಗೆ, ಸುಮಾರು 7.6 ಕೋಟಿ ಡಾಲರ್ ಸಂದಾಯವಾದದ್ದು 2014ರ ಫೆಬ್ರವರಿ ಕೊನೆಯಲ್ಲಿ. ಆಬ್ಸಲ್ಯೂಟ್ ಪೋಕರ್‌ನವರಂತೂ 2017ರವರೆಗೆ ಕಾಯಬೇಕಾಯಿತು.

ಆಟಗಾರರಿಗೆ ಆಗ ಸಂಘವೇ ಇರಲಿಲ್ಲವೆಂದಲ್ಲ. ‘ಪೋಕರ್ ಪ್ಲೇಯರ್ಸ್ ಅಲಯನ್ಸ್’ ಎಂಬ ಸಂಘಟನೆಯು, ನ್ಯೂಯಾರ್ಕ್‌ನ ಮಾಜಿ ಸೆನೆಟರ್ ಆಲ್ಫಾನ್ಸ್ ಡಿ’ಅಮಾಟೊ ಅವರನ್ನು ಅಧ್ಯಕ್ಷರನ್ನಾಗಿ ಇರಿಸಿಕೊಂಡು, ಆಟವನ್ನು ಕಾನೂನುಬದ್ಧಗೊಳಿಸಬೇಕೆಂದು ವಾಷಿಂಗ್ಟನ್‌ನಲ್ಲಿ ವರ್ಷಗಟ್ಟಲೆ ವಕಾಲತ್ತು ನಡೆಸಿತ್ತು. ಆದರೆ ಅದರ ನಿಧಿಯ ದೊಡ್ಡ ಪಾಲು ಬರುತ್ತಿದ್ದದ್ದು ಪೋಕರ್ ಉದ್ಯಮದಿಂದಲೇ. ಸರ್ಕಾರದ ಎದುರು ಆಟಗಾರನೂ ಕಂಪನಿಯೂ ಒಂದೇ ಪಕ್ಷ ಎಂಬ ನಂಬಿಕೆ ಅದರ ಬುಡದಲ್ಲಿತ್ತು. ಆ ನಂಬಿಕೆ ಕಾಯ್ದೆಯ ಮಟ್ಟಿಗೆ ಸರಿಯಿರಬಹುದು, ಆದರೆ ಠೇವಣಿಯ ಲೆಕ್ಕ ಕೇಳುವ ಕೆಲಸಕ್ಕೆ ಅದು ಒದಗದು, ಏಕೆಂದರೆ ಅನ್ನ ಹಾಕುವವನ ಉಗ್ರಾಣವನ್ನು ತಪಾಸಣೆ ಮಾಡುವುದು ಯಾವ ಸಂಘಕ್ಕೂ ಸುಲಭವಲ್ಲ.

ಕಂಪನಿಯ ವಿರುದ್ಧವೇ ಆಟಗಾರರು ಒಗ್ಗೂಡಿದ ಉದಾಹರಣೆಯೂ ಇದೆ. ವರ್ಷವೊಂದರಲ್ಲಿ 10 ಲಕ್ಷ ಅಂಕ ಗಳಿಸುವಷ್ಟು ಆಡಿದವರಿಗೆ ಪೋಕರ್‌ಸ್ಟಾರ್ಸ್ ‘ಸೂಪರ್‌ನೋವಾ ಎಲೀಟ್’ ಎಂಬ ದರ್ಜೆ ನೀಡಿ, ಅವರಿಂದ ಪಡೆದ ರೇಕಿನ ಗಣನೀಯ ಭಾಗವನ್ನು ಆ ವರ್ಷವೂ ಮುಂದಿನ ವರ್ಷವೂ ಸವಲತ್ತಿನ ರೂಪದಲ್ಲಿ ಮರಳಿಸುತ್ತಿತ್ತು. 2015ರ ನವೆಂಬರ್‌ನಲ್ಲಿ, ಆ ವರ್ಷದ ಅಂಕಗಳನ್ನು ಜನ ಆಗಲೇ ಆಡಿ ಮುಗಿಸುತ್ತಿದ್ದ ಹೊತ್ತಿಗೆ, ಮುಂದಿನ ವರ್ಷದ ಸವಲತ್ತನ್ನು ಕಡಿತಗೊಳಿಸುವುದಾಗಿ ಕಂಪನಿ ಪ್ರಕಟಿಸಿತು. ಡಿಸೆಂಬರ್ 1ರಿಂದ 3ರವರೆಗೆ ಆಟಗಾರರು ಮುಷ್ಕರ ಹೂಡಿದರು. ಕೊಟ್ಟ ಮಾತನ್ನು ನಡುವೆ ಮುರಿದದ್ದು ತಪ್ಪೆಂಬ ಅವರ ದೂರು ನ್ಯಾಯವಾದದ್ದೇ. ಆದರೂ ಕಂಪನಿಯು ಮಾತುಕತೆಗೆ ಕರೆಯಿತೇ ಹೊರತು ನಿರ್ಧಾರವನ್ನು ಹಿಂತೆಗೆದುಕೊಳ್ಳಲಿಲ್ಲ. ಗಿರಣಿಯ ಕಾರ್ಮಿಕರು ಹೊರನಡೆದರೆ ಯಂತ್ರ ನಿಲ್ಲುತ್ತದೆ. ಆದರೆ ಪಳಗಿದ ಆಟಗಾರರು ಎದ್ದುಹೋದರೆ ಹವ್ಯಾಸಕ್ಕೆ ಆಡುವವನಿಗೆ ಎದುರಾಳಿಗಳು ಸುಲಭವಾಗುತ್ತಾರೆ, ಮೇಜು ನಡೆಯುತ್ತಲೇ ಇರುತ್ತದೆ. ಸವಲತ್ತು ಹೆಚ್ಚು ಆಡುವ ಕೆಲವರ ಹಿತವಾಗಿತ್ತು, ಎಲ್ಲರದಾಗಿರಲಿಲ್ಲ.

ಎಲ್ಲರ ಹಿತ ಎಲ್ಲಿದೆಯೆಂಬುದನ್ನು 2007ರ ಇನ್ನೊಂದು ಪ್ರಕರಣ ತೋರಿಸುತ್ತದೆ. ಆಬ್ಸಲ್ಯೂಟ್ ಪೋಕರ್‌ನಲ್ಲಿ ಒಂದು ಖಾತೆ ಎದುರಾಳಿಗಳ ಮುಚ್ಚಿದ ಎಲೆಗಳನ್ನು ಕಂಡೇ ಆಡುತ್ತಿದೆಯೆಂಬುದನ್ನು ಪತ್ತೆಹಚ್ಚಿದ್ದು ನಿಯಂತ್ರಕರಲ್ಲ. ತಾವು ಆಡಿದ ಸುತ್ತುಗಳ ದಾಖಲೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಆಟಗಾರರೇ. ಒಬ್ಬೊಬ್ಬನ ದಾಖಲೆಯಲ್ಲಿ ಅದೃಷ್ಟವೆಂದು ಕಾಣುವುದು ನೂರು ಜನರ ದಾಖಲೆಯಲ್ಲಿ ಮೋಸವೆಂದು ಬಯಲಾಗುತ್ತದೆ. ಆದ್ದರಿಂದ ಪೋಕರ್ ಆಟಗಾರರ ಸಂಘವು ಕಾರ್ಮಿಕ ಸಂಘದ ಮಾದರಿಯಲ್ಲಿ ಅಲ್ಲ, ಠೇವಣಿದಾರರ ಹಾಗೂ ಗ್ರಾಹಕರ ಸಂಘದ ಮಾದರಿಯಲ್ಲಿ, ಸದಸ್ಯರದೇ ಚಂದಾ ಹಣದಿಂದ ನಡೆಯುವಂತೆ ಕಟ್ಟಿದರೆ ಮಾತ್ರ ಅರ್ಥಪೂರ್ಣವಾದೀತು. ಠೇವಣಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡಿಸುವುದು, ಅದರ ಲೆಕ್ಕಪರಿಶೋಧನೆ ಪ್ರಕಟವಾಗುವಂತೆ ಒತ್ತಾಯಿಸುವುದು, ಆಟದ ದಾಖಲೆಗಳನ್ನು ಪಡೆಯುವ ಹಕ್ಕು ಉಳಿಸಿಕೊಳ್ಳುವುದು, ಇವು ಸೋಲುವವನಿಗೂ ಬೇಕಾದವು.

ಭಾರತದಲ್ಲಿ ಈ ಚರ್ಚೆಯ ನೆಲವೇ ಕದಲಿದೆ. ಇಂಥ ಆಟಗಳ ಮೇಲೆ ಕರ್ನಾಟಕ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ರಾಜ್ಯದ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತ್ತು; ಆ ಪ್ರಕರಣದಲ್ಲಿ ವಾದವನ್ನು ಮುಂದೆ ನಿಂತು ನಡೆಸಿದ್ದು ಕಂಪನಿಗಳು ಮತ್ತು ಅವುಗಳ ಒಕ್ಕೂಟಗಳೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಬದಿಗಿರಿಸಿ, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುತ್ತದೆ. ಆಟ ನಡೆಸುವವರಿಗೆ 3 ವರ್ಷದವರೆಗಿನ ಸೆರೆವಾಸವನ್ನೂ 1 ಕೋಟಿ ರೂಪಾಯಿಯವರೆಗಿನ ದಂಡವನ್ನೂ ವಿಧಿಸಬಹುದಾದ ಈ ಕಾಯ್ದೆ ಆಡಿದವನನ್ನು ಶಿಕ್ಷಿಸುವುದಿಲ್ಲ. ಶಿಕ್ಷೆಯಿಲ್ಲವೆಂಬ ಧೈರ್ಯದ ಮೇಲೆ ವಿದೇಶಿ ಸೈಟ್‌ಗಳತ್ತ ಹೊರಳುವವನು, ಅಲ್ಲಿ ತನ್ನ ಠೇವಣಿ ಯಾವ ದ್ವೀಪದ ನಿಯಮಕ್ಕೆ ಒಳಪಟ್ಟು ಯಾರ ಖಾತೆಯಲ್ಲಿ ಇದೆಯೆಂದು ಕೇಳಲು ಹೊರಟರೆ, ಜೊತೆಗೆ ನಿಲ್ಲುವ ಕಾನೂನೂ ಇಲ್ಲ, ಸಂಘವೂ ಇಲ್ಲ.