ಹಿತ್ತಲಿನ ಹಾವಸೆ

ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಕಾಣುವ ಗದಗ-ಬೆಟಗೇರಿಯಲ್ಲಿ, ತುಂಗಭದ್ರೆಯ ನೀರು ನಲ್ಲಿಗೆ ಬರುವ ದಿನವನ್ನು ಮನೆಮಂದಿಯೆಲ್ಲ ಬೆರಳೆಣಿಸಿ ಕಾಯುವ ಊರಿನಲ್ಲಿ, ಹಿತ್ತಲ ತುಂಬ ಹಾವಸೆ ಕಟ್ಟಿತೆಂದು ದೂರುವುದು ಹೊರಗಿನವರಿಗೆ ವಿಚಿತ್ರವಾಗಿ ತೋರೀತು. ಆದರೆ ಭಾದ್ರಪದದ ಜಿಟಿಜಿಟಿ ಮಳೆಯಲ್ಲಿ ಬಚ್ಚಲ ಹಿಂದಣ ಹಾಸುಗಲ್ಲಿನ ಮೇಲೆ ನಮ್ಮ ತಾಯಿಯವರು ಕಾಲು ಜಾರಿ ಬಿದ್ದ ದಿನದಿಂದ ಆ ಹಸುರು ಪದರವನ್ನು ನಾನು ಬೇರೆ ದೃಷ್ಟಿಯಿಂದ ನೋಡತೊಡಗಿದೆನು. ಬರಡು ಸೀಮೆಯಲ್ಲಿ ಹಾವಸೆ ಎಲ್ಲಿ ಬೆಳೆದಿದೆಯೋ ಅಲ್ಲಿ ನಮ್ಮ ಕೈತಪ್ಪಿಹೋದ ನೀರು ನಿಂತಿದೆ.

ಈ ಸಸ್ಯಕ್ಕೆ ನಿಜವಾದ ಬೇರಿಲ್ಲ; ತನ್ನ ಸರ್ವಾಂಗದಿಂದಲೂ ನೀರನ್ನು ಹೀರುವ ಅದು ವೈಶಾಖದ ಬಿಸಿಲಿಗೆ ಕರಿಹುಡಿಯಂತೆ ಒಣಗಿ ಬಿದ್ದಿದ್ದು, ಮೊದಲ ಮಳೆಯ ಹನಿಗಳು ತಗುಲುತ್ತಲೇ ಮತ್ತೆ ಹಸುರಾಗಿ ಏಳುತ್ತದೆ. ಆದುದರಿಂದ ಬೇಸಗೆಯಲ್ಲಿ ಅದನ್ನು ಕೆರೆದು ಹೂವಿನ ಪಾತಿಗೆ ಗುಡಿಸುವವರು, ಅರಿಯದೆಯೇ ಅದರ ಬಿತ್ತನೆಯನ್ನು ಮಾಡಿದಂತಾಗುವುದು. ಅದರ ದಾಯಾದಿಯಾದ ಲಿವರ್‌ವರ್ಟ್, ಯಕೃತ್ತಿನ ಆಕೃತಿಯ ಸಾಮ್ಯದಿಂದ ಪಾಶ್ಚಾತ್ಯರು ಹೆಸರಿಟ್ಟ ಆ ಚಪ್ಪಟೆಯಾದ ಸಸ್ಯ, ಇನ್ನೂ ಚತುರವಾದುದು. ಭಾರತದ ಈ ಸಸ್ಯವರ್ಗವನ್ನು ಕುರಿತು 1929ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಶಿವರಾಮ ಕಶ್ಯಪರು ಹಿಮಾಲಯವನ್ನು ಅಲೆದು ಅರಸಿದುದು ಇದೇ ಕುಲವನ್ನು. ಅದರಲ್ಲಿ ಮಾರ್ಕಾಂಶಿಯಾ ಎಂಬುದರ ಮೈಮೇಲೆ ಪುಟ್ಟ ಬಟ್ಟಲುಗಳಿದ್ದು, ಮೇಲಿನಿಂದ ಬಿದ್ದ ಹನಿಯೊಂದು ಅವುಗಳೊಳಗಣ ಮೊಗ್ಗುಗಳನ್ನು ಪಕ್ಕದ ಕುಂಡಕ್ಕೆ ಸಿಡಿಸುತ್ತದೆ. ಸಸಿಯ ಅಂಗಡಿಯಿಂದ ಕುಂಡದೊಡನೆ ಮನೆಗೆ ಬರುವ ಈ ಅತಿಥಿಯನ್ನು ತಡೆಯಲು, ಮೇಲ್ಮಣ್ಣನ್ನು ಬೆರಳಗಲ ತೆಗೆದುಹಾಕಿಯೇ ಸಸಿಯನ್ನು ಒಳಗೆ ಕರೆದುಕೊಳ್ಳಬೇಕು. ಚೊಂಬಿನಿಂದ ಎತ್ತರದಲ್ಲಿ ನೀರು ಸುರಿಯುವ ರೂಢಿಯನ್ನೂ ಬಿಡಬೇಕು.

ಔಷಧದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಾವಸೆ ಬಂದರೆ ಮಣ್ಣು ಹುಳಿಯಾಗಿದೆ, ಸುಣ್ಣ ಹಾಕಿರಿ ಎಂದು ಶೀತದೇಶಗಳ ತೋಟಗಾರಿಕೆಯ ಪುಸ್ತಕಗಳು ಬೋಧಿಸುವುದುಂಟು. ನಮ್ಮ ಎರೆಮಣ್ಣೋ ಸ್ವಭಾವತಃ ಕ್ಷಾರವುಳ್ಳದ್ದು. ಅಗೆದಲ್ಲೆಲ್ಲ ಸುಣ್ಣದ ಹರಳುಗಳು ಕೈಗೆ ಸಿಗುವ ನೆಲಕ್ಕೆ ಮತ್ತೆ ಸುಣ್ಣವನ್ನು ಸುರಿಯುವುದು ವ್ಯರ್ಥವಾದ ವೆಚ್ಚ. ಅನ್ನಭೇದಿಯ ದ್ರಾವಣವು ಹಾವಸೆಯನ್ನು ಕಪ್ಪಾಗಿಸಿ ಕೊಲ್ಲುವುದು ದಿಟ, ಆದರೆ ಕಲ್ಲಿನ ಮೇಲೆ ತುಕ್ಕಿನ ಕಲೆಯನ್ನು ಉಳಿಸುತ್ತದೆ. ಉಪ್ಪನ್ನಂತೂ ಮುಟ್ಟಲೇಬಾರದು, ಸವಳಾದ ನೆಲವನ್ನು ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಈ ಸೀಮೆಯ ರೈತರು ಚೆನ್ನಾಗಿ ಬಲ್ಲರು. ಶಿರಹಟ್ಟಿ ಮುಂಡರಗಿಗಳ ಮಸಾರಿಯಲ್ಲಿ ನೀರು ಬೇಗ ಇಂಗುವುದರಿಂದ ಅಲ್ಲಿ ಈ ಪೀಡೆ ಕಡಿಮೆ. ನೆನೆದೊಡನೆ ಹಿಗ್ಗಿ ಬಿಗಿದುಕೊಳ್ಳುವ ಎರೆಗೆ ಮಾತ್ರ ಗರಸನ್ನೂ ಕೊಳೆತ ಗೊಬ್ಬರವನ್ನೂ ಬೆರೆಸಿ, ಕುರ್ಚಿಗಿಯಿಂದ ಆಗಾಗ ಸಡಿಲಿಸಿ, ಮೇಲೆ ಕವಿದ ರೆಂಬೆಗಳನ್ನು ಸವರಿ ಎಳೆಬಿಸಿಲಿಗೆ ದಾರಿ ಮಾಡಿಕೊಡಬೇಕಾಗುವುದು.

ಮನೆಯ ಹಾಸುಗಲ್ಲನ್ನು ಉಜ್ಜಿದ ಉತ್ಸಾಹದಲ್ಲಿ ಗುಡಿಯ ಕಲ್ಲಿಗೆ ಯಾರೂ ಕೈಹಚ್ಚದಿರಲಿ. ತ್ರಿಕೂಟೇಶ್ವರದ ಸರಸ್ವತಿಯ ಗುಡಿಯಲ್ಲಿಯೂ ಲಕ್ಷ್ಮೇಶ್ವರದ ಸೋಮೇಶ್ವರನ ಬಾವಿಯ ಮೆಟ್ಟಿಲುಗಳಲ್ಲಿಯೂ ಉಳಿದು ಬಂದಿರುವ ಉಳಿಯ ಕೆಲಸವು ತಂತಿಯ ಬ್ರಷ್ಷಿನ ಒಂದು ಎಳೆತಕ್ಕೆ ಮಾಸಿಹೋಗಬಲ್ಲದು. ಅಲ್ಲಿನ ಹಾವಸೆಯನ್ನು ತೆಗೆಯುವುದು ಕಲ್ಲಿನ ಗುಣವನ್ನು ಬಲ್ಲವರ ಕೆಲಸ.

ನಮ್ಮ ಮನೆಯಲ್ಲಿ ನಾವು ಮಾಡಿದುದು ಬಹು ಅಲ್ಪ. ಹಾಸುಗಲ್ಲನ್ನು ಎತ್ತಿ, ಗರಸು ಹಾಸಿ, ಒಂದಿಷ್ಟು ವಾಟವಿಟ್ಟು, ಬಚ್ಚಲ ನೀರಿಗೆ ಬಾಳೆಯ ಬುಡದವರೆಗೆ ಕಾಲುವೆ ತೆಗೆದೆವು. ಮರುವರ್ಷದ ಭಾದ್ರಪದದಲ್ಲಿ ಬಾಳೆ ಗೊನೆ ಹಾಕಿತು. ತಾಯಿಯವರು ಗೋಡೆ ಹಿಡಿಯದೆ ಆ ಕಲ್ಲಿನ ಮೇಲೆಯೇ ಬಾವಿಯವರೆಗೆ ನಡೆದುಹೋದರು.