ಟೂರ್ ವ್ಯಾನಿಗೊಂದು ನೀರಿನ ಫಿಲ್ಟರ್

ಮಕ್ಕಳಿಗೆ ರಜೆ ಬಂತೆಂದರೆ ಸಾಕು, ಮನೆಯಲ್ಲಿ ಟೂರಿನದೇ ಮಾತು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮಾತ್ರೆ ಡಬ್ಬಿ, ಸ್ವೆಟರ್ ಎಲ್ಲವನ್ನೂ ನೆನಪಿಟ್ಟುಕೊಂಡು ತುಂಬಿಸುವವರು ನಾವೇ. ಆದರೆ ನೀರಿನ ವಿಷಯ ಬಂದಾಗ ಮಾತ್ರ "ದಾರೀಲಿ ಬಾಟ್ಲು ತಗೊಂಡ್ರಾಯ್ತು ಬಿಡು" ಅಂತ ಸುಮ್ಮನಾಗಿಬಿಡುತ್ತೇವೆ. ಆರು ಜನ ಎರಡು ದಿನ ಓಡಾಡಿದರೆ ಎಷ್ಟು ಬಾಟಲಿ ಬೇಕು, ಖಾಲಿಯಾದ ಬಾಟಲಿಗಳನ್ನು ಎಲ್ಲಿ ಎಸೆಯುವುದು ಅಂತ ಯೋಚಿಸಿದ್ದೀರಾ?

ಈಗ ಎಷ್ಟೋ ಮನೆಗಳಲ್ಲಿ ಸ್ವಂತ ವ್ಯಾನುಗಳಿವೆ. ಇಲ್ಲದವರು ನಾಲ್ಕು ಮನೆಯವರು ಸೇರಿ ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿಯುತ್ತಾರೆ. ಸ್ಟೌ, ಹಾಸಿಗೆ, ಪಾತ್ರೆ ಎಲ್ಲವೂ ಗಾಡಿಯಲ್ಲೇ. ಅದರ ಜೊತೆಗೆ ಒಂದು ಫಿಲ್ಟರನ್ನೂ ಕೂರಿಸಿಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ. ಆದರೆ ಕೂರಿಸುವುದು ಹೇಗೆ ಅಂತ ಗೊತ್ತಿರಬೇಕು. ಗೊತ್ತಿಲ್ಲದೆ ಕೂರಿಸಿ ನಾವು ಪಾಠ ಕಲಿತದ್ದೇ ಈ ಲೇಖನಕ್ಕೆ ಕಾರಣ.

ನಮ್ಮ ಮನೆಯ ಕಥೆ

ಮೈಸೂರಿನಿಂದ ಹೊರಟು ಹುಣಸೂರು, ಪಿರಿಯಾಪಟ್ಟಣದ ಬೈಲಕುಪ್ಪೆ, ಕೆ.ಆರ್. ನಗರದ ಚುಂಚನಕಟ್ಟೆ, ಕೊನೆಗೆ ಎಚ್.ಡಿ. ಕೋಟೆಯ ಕಬಿನಿ ನೋಡಿಕೊಂಡು ಬರೋಣ ಎಂದು ಹೊರಟಿದ್ದೆವು. ನಮ್ಮವರು ಅಡುಗೆಮನೆಯ ಹಳೇ ಆರ್‌ಒ ಫಿಲ್ಟರನ್ನೇ ವ್ಯಾನಿನ ಹಿಂಭಾಗಕ್ಕೆ ತಂತಿಯಲ್ಲಿ ಬಿಗಿದು, ಇನ್ವರ್ಟರಿಗೆ ಸಿಕ್ಕಿಸಿದ್ದರು. "ಮನೆಯಲ್ಲಿ ಕೆಲಸ ಮಾಡೋದು ಗಾಡೀಲಿ ಮಾಡಲ್ವಾ?" ಎಂಬ ಧೈರ್ಯ ಅವರದು.

ಮಾಡಿತು, ಆದರೆ ಹೇಗೆ ಗೊತ್ತೇ? ಆರ್‌ಒ ಯಂತ್ರ ಒಂದು ಭಾಗ ಒಳ್ಳೆಯ ನೀರು ಕೊಟ್ಟರೆ ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ಬಿಡುತ್ತದೆ. ಮನೆಯಲ್ಲಾದರೆ ಅದು ಸಿಂಕಿಗೆ ಹೋಗುತ್ತದೆ. ವ್ಯಾನಿನಲ್ಲಿ ಕಾಲಡಿ ಹರಿದು ನಮ್ಮ ಹಾಸಿಗೆಯೆಲ್ಲಾ ತೊಯ್ದುಹೋಯಿತು. ಹುಣಸೂರು ದಾಟುವಷ್ಟರಲ್ಲಿ 20 ಲೀಟರ್ ಕ್ಯಾನ್ ಖಾಲಿ, ಕುಡಿಯಲು ಸಿಕ್ಕಿದ್ದು ಮಾತ್ರ ನಾಲ್ಕಾರು ಲೀಟರ್. ಸರಿ, ಅಟ್ಟದಿಂದ ಇಳಿಸಿ ತಂದಿದ್ದ ಇನ್ನೊಂದು ಕ್ಯಾನಿಗೆ ದಾರಿಯ ಹೋಟೆಲೊಂದರಲ್ಲಿ ಫಿಲ್ಟರ್ ನೀರು ಕೇಳಿ ತುಂಬಿಸಿಕೊಂಡೆವು. "ಫಿಲ್ಟರ್ ನೀರೇ ತಾನೇ" ಎಂದು ಅದನ್ನು ಹಾಗೆಯೇ ಕುಡಿದೆವು.

ಅಂದು ರಾತ್ರಿ ಪಿರಿಯಾಪಟ್ಟಣದ ನೆಂಟರ ಮನೆಯಲ್ಲಿ ಮಗಳಿಗೆ ವಾಂತಿ ಭೇದಿ ಶುರುವಾಯಿತು. ಬೆಳಗಿನ ಜಾವಕ್ಕೆ ಕಣ್ಣು ಗುಳಿಬಿದ್ದು, ತುಟಿ ಒಣಗಿ, ಕರೆದರೂ ಓಗೊಡದಷ್ಟು ಸುಸ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದಾಗ ನನ್ನ ಕೈಕಾಲು ನಡುಗುತ್ತಿದ್ದವು. ಡ್ರಿಪ್ ಹಾಕಿದ ಮೇಲೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಯಾವ್ದು ಅಂತ ಆಮೇಲೆ ಹೇಳಿಯಮ್ಮಾ, ಕ್ಯಾನ್ ಯಾವಾಗ ತೊಳೆದಿದ್ರಿ?"

ನಾನು ಉತ್ತರ ಹೇಳಲಿಲ್ಲ. ಹೇಳಲು ಉತ್ತರವೇ ಇರಲಿಲ್ಲ. ಊರಿಗೆ ಬಂದು ಕ್ಯಾನಿನೊಳಗೆ ಬೆರಳು ಹಾಕಿ ನೋಡಿದರೆ ಪಾಚಿಯಂತೆ ಜಾರುವ ಲೋಳೆ! "ಹೊಸ ಮಡಕೆ ತಂದ್ರೂ ತೊಳ್ದು, ಬಿಸಿಲಿಗಿಟ್ಟು ನೀರು ತುಂಬ್ತಿದ್ವಿ ಕಣೇ. ಪ್ಲಾಸ್ಟಿಕ್ ಅಂದ್ರೆ ಮೈಲಿಗೆ ಇಲ್ವಾ?" ಎಂದರು ಅತ್ತೆ. ಅವರ ಮಾತಿನಲ್ಲಿ ಎಲ್ಲವೂ ಇತ್ತು. ಎಂಥ ಫಿಲ್ಟರ್ ನೀರಾದರೂ ಅದನ್ನು ತುಂಬುವ ಕ್ಯಾನ್ ಕೊಳಕಾಗಿದ್ದರೆ ದಂಡ.

ತಿಳಿ ನೀರೆಲ್ಲಾ ಶುದ್ಧ ನೀರಲ್ಲ

ಫಿಲ್ಟರ್ ಕೊಳ್ಳುವ ಮೊದಲು ದಾರಿಯಲ್ಲಿ ಎಂಥ ನೀರು ಸಿಗುತ್ತದೆ ಎಂದು ತಿಳಿಯಬೇಕು. ಹುಣಸೂರಿನ ಲಕ್ಷ್ಮಣತೀರ್ಥವೂ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯೂ ಕೊಡಗಿನಿಂದ ಬರುವ ನದಿಗಳು. ಕಬಿನಿ ಕೇರಳದ ವಯನಾಡಿನಿಂದ ಬರುತ್ತದೆ. ಮಳೆಗಾಲದಲ್ಲಿ ಇವುಗಳ ನೀರು ಕೆಂಪು ಕೆಂಪು. ಚುಂಚನಕಟ್ಟೆಯಲ್ಲಿ ಜನವರಿಯ ಜಾತ್ರೆಗೆ ಸಾವಿರಾರು ಜನ, ದನಕರು ಸೇರುತ್ತವೆ. ಹೊಳೆ ಎಷ್ಟೇ ಚೆಂದ ಕಂಡರೂ ಅಲ್ಲಿ ಕಾಲು ನೆನೆಸಿಕೊಳ್ಳಿ, ಬಿಂದಿಗೆ ಮುಳುಗಿಸಬೇಡಿ.

ಹಳ್ಳಿಗಳ ಬೋರ್‌ವೆಲ್ ನೀರು ಕಣ್ಣಿಗೆ ತಿಳಿಯಾಗಿರುತ್ತದೆ. ಆದರೆ ಸೋಪು ನೊರೆ ಬರದಷ್ಟು ಗಡಸಾಗಿರಬಹುದು, ಪಕ್ಕದಲ್ಲೇ ಶೌಚಾಲಯದ ಗುಂಡಿಯೂ ಇರಬಹುದು. ಈ ನಾಲ್ಕು ತಾಲ್ಲೂಕುಗಳೂ ಹೊಗೆಸೊಪ್ಪಿನ ಸೀಮೆ. ಗದ್ದೆ, ಹೊಗೆಸೊಪ್ಪಿನ ಹೊಲಗಳ ಮಗ್ಗುಲಿನ ಕೆರೆಕಟ್ಟೆಗಳ ನೀರು ಬೇಡವೇ ಬೇಡ. ಔಷಧಿ ಹೊಡೆದ ಹೊಲದಿಂದ ಹರಿದುಬಂದ ವಿಷ ಕುದಿಸಿದರೆ ಹೋಗುವುದಿಲ್ಲ, ಚಿಕ್ಕ ಫಿಲ್ಟರಿನಿಂದಲೂ ಪೂರ್ತಿ ಹೋಗುವುದಿಲ್ಲ.

ಎಲ್ಲಕ್ಕಿಂತ ಸುಲಭವಾದದ್ದು ಮನೆಯಿಂದಲೇ ತುಂಬಿಸಿಕೊಂಡು ಹೊರಡುವುದು. ಒಬ್ಬರಿಗೆ ದಿನಕ್ಕೆ ಕುಡಿಯಲು 3 ಲೀಟರ್ ಎಂದಿಟ್ಟುಕೊಳ್ಳಿ. ಆರು ಜನಕ್ಕೆ ಎರಡು ದಿನಕ್ಕೆ 36 ಲೀಟರ್. ಅಂದರೆ 20 ಲೀಟರಿನ ಎರಡು ಕ್ಯಾನ್. ತಿರುಗಿ ತುಂಬಿಸಬೇಕಾಗಿ ಬಂದರೆ ಊರೂರಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಹಿಡಿದುಕೊಳ್ಳಬಹುದು. ಕೆಲವು ಕೆಟ್ಟು ನಿಂತಿರುವುದೂ ಉಂಟು. ಆಗಲೇ ನಮ್ಮ ಫಿಲ್ಟರ್ ಕೆಲಸಕ್ಕೆ ಬರುವುದು.

ಗಾಡಿಗೆ ಆರ್‌ಒ ಬೇಕೇ?

ಬಹುತೇಕ ಬೇಡ. ಆರ್‌ಒ ಇರುವುದು ಉಪ್ಪು, ಗಡಸು, ಫ್ಲೋರೈಡ್ ತೆಗೆಯಲು. ನೀರಿನಲ್ಲಿ ಕರಗಿರುವ ಲವಣಗಳನ್ನು ಟಿಡಿಎಸ್ ಎಂದು ಅಳೆಯುತ್ತಾರೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ತೊಂದರೆಯಿಲ್ಲ. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಪೆನ್ನಿನಂಥ ಟಿಡಿಎಸ್ ಮೀಟರ್ ಇಟ್ಟುಕೊಂಡರೆ ಒಳ್ಳೆಯದು. ಆದರೆ ಒಂದು ಮಾತು ನೆನಪಿರಲಿ, ಆ ಮೀಟರ್ ಉಪ್ಪನ್ನು ತೋರಿಸುತ್ತದೆಯೇ ಹೊರತು ರೋಗಾಣುಗಳನ್ನಲ್ಲ. "ಟಿಡಿಎಸ್ 90 ಇದೆ, ಕುಡೀರಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪ್ರವಾಸದಲ್ಲಿ ನಮ್ಮ ನಿಜವಾದ ಶತ್ರು ರೋಗಾಣು. ಅದಕ್ಕೆ ಮೂರು ಹಂತದ ಫಿಲ್ಟರ್ ಸಾಕು. ಮೊದಲು ಮಣ್ಣು ಕಸ ಹಿಡಿಯುವ 5 ಮೈಕ್ರಾನಿನ ಕ್ಯಾಂಡಲ್. ನಂತರ ವಾಸನೆ, ಕ್ಲೋರಿನ್ ಹೀರುವ ಕಾರ್ಬನ್. ಕೊನೆಗೆ ರೋಗಾಣು ತಡೆಯುವ ಯುಎಫ್ ಪೊರೆ. ಇದರಲ್ಲಿ ನೀರು ಪೋಲಾಗುವುದಿಲ್ಲ.

ಕೂರಿಸುವುದು ಹೇಗೆ?

ಬಾಡಿಗೆ ಗಾಡಿಯಾದರೆ ಒಂದು ತೂತನ್ನೂ ಕೊರೆಯಬೇಡಿ. ಒಂದು ಗಟ್ಟಿ ಹಲಗೆಗೆ ಮೂರೂ ಫಿಲ್ಟರ್‌ಗಳನ್ನು ರಬ್ಬರ್ ವಾಷರ್ ಕೊಟ್ಟು ಕ್ಲ್ಯಾಂಪಿನಿಂದ ಬಿಗಿಸಿ, ಹಲಗೆಯನ್ನು ಸೀಟಿನ ಕಂಬಿಗೆ ಬೆಲ್ಟಿನಿಂದ ಕಟ್ಟಿ. ರಬ್ಬರ್ ಇಲ್ಲದಿದ್ದರೆ ರಸ್ತೆಯ ಕುಲುಕಾಟಕ್ಕೆ ಪ್ಲಾಸ್ಟಿಕ್ ಸೀಳುತ್ತದೆ. ಒತ್ತಡವಿಲ್ಲದೆ ಕೆಲಸ ಮಾಡುವ ಪೊರೆಯನ್ನೇ ಕೇಳಿ ಕೊಳ್ಳಿ. ಗಾಡಿ ನಿಂತಾಗ ಕಚ್ಚಾ ನೀರಿನ ಕ್ಯಾನನ್ನು ಸೀಟಿನ ಮೇಲಿಟ್ಟು, ಒಳ್ಳೆಯ ನೀರಿನ ಕ್ಯಾನನ್ನು ಕೆಳಗಿಟ್ಟರೆ ನೀರು ತಾನಾಗಿ ಇಳಿಯುತ್ತದೆ. ನಿಧಾನ ನಿಜ, ಊಟ ಮುಗಿಸಿ ಸ್ವಲ್ಪ ಅಡ್ಡಾಡಿ ಬನ್ನಿ!

ಸ್ವಂತ ವ್ಯಾನಾದರೆ 12 ವೋಲ್ಟಿನ ಸಣ್ಣ ಪಂಪ್ ಹಾಕಿಸಬಹುದು. ಆಟೋ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ, ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಇರಲಿ. ಸೀಟು ತೆಗೆಸುವುದು, ಬಾಡಿ ಕತ್ತರಿಸುವುದು ಮುಂತಾದ ದೊಡ್ಡ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಮೊದಲೇ ವಿಚಾರಿಸಿ.

ಫಿಲ್ಟರಿನ ಮೇಲಿರುವ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿ. ಹೊಸ ಕಾರ್ಬನ್ನಿನಿಂದ ಮೊದಲು ಕಪ್ಪು ಪುಡಿ ಬರುತ್ತದೆ, ನೀರು ತಿಳಿಯಾಗುವವರೆಗೆ ಚೆಲ್ಲಿ. ಇದೆಲ್ಲವನ್ನೂ ಹೊರಡುವ ಹಿಂದಿನ ರಾತ್ರಿಯಲ್ಲ, ಒಂದು ವಾರ ಮೊದಲೇ ಮಾಡಿ ನೋಡಿ.

ತೂಕದ ವಿಷಯವೂ ಇದೆ. 1 ಲೀಟರ್ ನೀರೆಂದರೆ 1 ಕೆ.ಜಿ. ಗಾಡಿ ಓಡುವಾಗ 20 ಕೆ.ಜಿ.ಯ ಕ್ಯಾನ್ ಸೀಟಿನ ಮೇಲಿದ್ದರೆ ಒಂದು ಬ್ರೇಕಿಗೆ ಮಕ್ಕಳ ಮೇಲೆ ಬೀಳುತ್ತದೆ. ಓಡುವಾಗ ಎಲ್ಲಾ ಕ್ಯಾನೂ ನೆಲದ ಮೇಲೆ, ಸೀಟಿಗೆ ಒತ್ತಿಕೊಂಡು, ಬೆಲ್ಟ್ ಕಟ್ಟಿಯೇ ಇರಬೇಕು.

ಅನುಮಾನ ಬಂದರೆ ಏನು ಮಾಡಬೇಕು?

ಫಿಲ್ಟರ್ ಇದೆಯೆಂದು ಸಿಕ್ಕ ನೀರನ್ನೆಲ್ಲಾ ಹಾಕುವುದಲ್ಲ. ಕದಡಿದ ನೀರನ್ನು ಮೊದಲು ತಿಳಿಯಾಗಲು ಬಿಡಿ, ಮೇಲಿನದನ್ನು ಮಾತ್ರ ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ. ಕಚ್ಚಾ ಕ್ಯಾನಿಗೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಎಷ್ಟು ಲೀಟರಿಗೆ ಎಷ್ಟು ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. ಆಮೇಲೆ ಫಿಲ್ಟರಿಗೆ ಬಿಟ್ಟರೆ ಕಾರ್ಬನ್ ಆ ವಾಸನೆಯನ್ನು ಹೀರಿಕೊಳ್ಳುತ್ತದೆ, ಮಕ್ಕಳೂ ಮುಖ ಕಿವುಚುವುದಿಲ್ಲ. ಆದರೆ ಕ್ಲೋರಿನ್ ಹೋದ ಮೇಲೆ ನೀರಿಗೆ ಕಾವಲಿಲ್ಲ. ಹಾಗಾಗಿ ಫಿಲ್ಟರಾದ ನೀರನ್ನು ಅಂದಂದೇ ಮುಗಿಸಿ. ಕೂಸುಗಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವ ನೀರನ್ನು ಕೊತಕೊತ ಕುದಿಸಿ, ಉಕ್ಕು ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ ಆರಿಸಿ.

ವೀರನಹೊಸಹಳ್ಳಿ ಕಡೆಯಿಂದಲೋ ಅಂತರಸಂತೆ ಕಡೆಯಿಂದಲೋ ನಾಗರಹೊಳೆ ಕಾಡಿನ ದಾರಿ ಹಿಡಿಯುವವರು ಗೇಟಿಗೆ ಮೊದಲೇ ಎಲ್ಲರ ಸ್ಟೀಲ್ ಬಾಟಲಿ ತುಂಬಿಸಿಬಿಡಿ. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಪ್ಲಾಸ್ಟಿಕ್ ಎಸೆಯುವಂತೂ ಇಲ್ಲ.

ಕ್ಯಾನಿನ ಮಡಿ

* ಕುಡಿಯುವ ನೀರಿನ ಕ್ಯಾನಿಗೆ ಹಸಿರು ದಾರ, ಕಚ್ಚಾ ನೀರಿನದಕ್ಕೆ ಕೆಂಪು ದಾರ ಕಟ್ಟಿ. ಎಂದೂ ಅದಲುಬದಲು ಮಾಡಬೇಡಿ.
* ಎಣ್ಣೆ, ಫಿನಾಯಿಲ್ ತುಂಬಿದ್ದ ಕ್ಯಾನ್ ಬೇಡ. ಆಹಾರಕ್ಕೆಂದೇ ಮಾಡಿದ, ಕೈ ಹಾಕಿ ತಿಕ್ಕುವಷ್ಟು ಬಾಯಿ ಅಗಲವಿರುವ, ನಲ್ಲಿಯಿರುವ ಕ್ಯಾನ್ ಕೊಳ್ಳಿ. ಲೋಟ ಅದ್ದುವ ಅಭ್ಯಾಸ ನಿಲ್ಲುತ್ತದೆ.
* ಹೊರಡುವ ಮುಂಚೆ ಸೋಪಿನಿಂದ ತಿಕ್ಕಿ ತೊಳೆದು, 1 ಲೀಟರ್ ನೀರಿಗೆ 1 ಟೀ ಚಮಚ ಸುವಾಸನೆಯಿಲ್ಲದ ಬ್ಲೀಚ್ ದ್ರಾವಣ ಬೆರೆಸಿ, ಕ್ಯಾನಿನ ಒಳಗೆಲ್ಲಾ ತಾಗುವಂತೆ ಅಲ್ಲಾಡಿಸಿ. ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಿ, ಒಳ್ಳೆಯ ನೀರಿನಲ್ಲಿ ಜಾಲಿಸಿ. ನಲ್ಲಿಯನ್ನು ಮರೆಯಬೇಡಿ, ಲೋಳೆ ಕೂರುವುದೇ ಅಲ್ಲಿ.
* ತುಂಬಿದ ಕ್ಯಾನನ್ನು ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿ ಬಿಡಬೇಡಿ. ಒದ್ದೆ ಗೋಣಿ ಅಥವಾ ಬೆಡ್‌ಶೀಟ್ ಹೊದಿಸಿ.
* ಮನೆಗೆ ಬಂದ ದಿನವೇ ಕ್ಯಾನ್ ಖಾಲಿ ಮಾಡಿ, ತೊಳೆದು, ಮುಚ್ಚಳ ತೆಗೆದು ಕವುಚಿ ಒಣಗಿಸಿ. ತಿಂಗಳುಗಟ್ಟಲೆ ಒದ್ದೆಯಾಗಿ ಕೂತ ಕಾರ್ಬನ್ನನ್ನು ಮುಂದಿನ ಟೂರಿಗೆ ಬದಲಿಸಿ. ಪೊರೆಯನ್ನು ಹೇಗೆ ಇಡಬೇಕೆಂದು ಅದರ ಪುಸ್ತಕದಲ್ಲಿ ನೋಡಿ.
* ಓಆರ್‌ಎಸ್ ಪ್ಯಾಕೆಟ್ ಸದಾ ಜೊತೆಗಿರಲಿ. ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮುಂದಿನ ರಜೆಯಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು. ಈ ಸಲ ಆರ್‌ಒ ಮನೆಯಲ್ಲೇ ಉಳಿಯಿತು. ಹಲಗೆಗೆ ಫಿಲ್ಟರ್ ಬಿಗಿದವರು ನಮ್ಮವರು, ಕ್ಯಾನ್ ತೊಳೆದವಳು ನಾನು, ದಾರ ಕಟ್ಟಿದವಳು ಮಗಳು. ಬೀಚನಹಳ್ಳಿಯ ಅಣೆಕಟ್ಟೆ ನೋಡಿ ಬಂದು ನೆರಳಿನಲ್ಲಿ ಕೂತಾಗ ಅವಳೇ ಎದ್ದು ಹೋಗಿ ಅಜ್ಜಿಗೆ ಒಂದು ಲೋಟ ನೀರು ಹಿಡಿದು ತಂದಳು. "ಯಾವ ದಾರದ್ದೇ?" ಎಂದರು ಅತ್ತೆ. "ಹಸಿರಿಂದು ಅಜ್ಜಿ" ಎಂದಳು. ಅತ್ತೆ ಗಟಗಟನೆ ಕುಡಿದರು.