ಹಳೆಯ ಜೀಪುಗಳ ಖರೀದಿ ಮತ್ತು ದುರಸ್ತಿ: ಮೊದಲು ದಾಖಲೆ, ಕೊನೆಗೆ ಬಣ್ಣ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ಎರೆ ಸೀಮೆಯಲ್ಲಿ ಜೀಪು ಬಹುಕಾಲ ದುಡಿಮೆಯ ವಾಹನವಾಗಿತ್ತು. ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿಕೊಳ್ಳುವ ಎರೆಮಣ್ಣಿನ ದಾರಿಗಳಲ್ಲಿ ದೇವದುರ್ಗದ ಹತ್ತಿ ಹೊಲಗಳಿಗಾಗಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಭತ್ತದ ಗದ್ದೆಗಳಿಗಾಗಲಿ ಹೋಗಿಬರಲು ನಾಲ್ಕೂ ಗಾಲಿಗಳಿಗೆ ಬಲ ಒದಗುವ ವಾಹನವೇ ಬೇಕಾಗಿತ್ತು. ಅಂತಹ ಜೀಪುಗಳು ಜಿನ್ನಿಂಗ್ ಕಾರ್ಖಾನೆ, ಅಕ್ಕಿ ಗಿರಣಿಗಳ ಹಿಂಭಾಗದಲ್ಲಿ ಧೂಳು ಹಿಡಿದು ನಿಂತಿರುವುದು ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಇವುಗಳನ್ನು ಕೊಂಡು ಮೂಲರೂಪಕ್ಕೆ ತರುವ ಹವ್ಯಾಸ ವರ್ತಕ ಬಾಂಧವರಲ್ಲಿಯೂ ಬೆಳೆಯುತ್ತಿದೆ. ಆದರೆ ಹವ್ಯಾಸಕ್ಕೆಂದು ಹೂಡಿದ ಹಣ ನಿಲ್ಲುವುದು ಹೊಳಪಿನ ಮೇಲಲ್ಲ, ನೋಂದಣಿ ದಾಖಲೆಯ ಮೇಲೆ. ಈ ಒಂದು ಅಂಶವನ್ನು ಕಡೆಗಣಿಸಿದವರು ಸುಂದರವಾದ ಆದರೆ ರಸ್ತೆಗಿಳಿಸಲಾಗದ ವಾಹನದ ಒಡೆಯರಾಗಬೇಕಾಗುತ್ತದೆ.

ಯಾವ ವಾಹನಗಳು?

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ 1941ರಿಂದ ತಯಾರಾದ ವಿಲ್ಲಿಸ್ ಜೀಪು ಈ ವಂಶದ ಮೂಲಪುರುಷ. 1945ರಲ್ಲಿ ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಆರಂಭವಾಗಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆದ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಿ ಮಾರಿತು. ಮುಂದೆ ಎತ್ತರದ ಬಾನೆಟ್‌ನ ಸಿಜೆ-3ಬಿ ಮಾದರಿ ನಮ್ಮಲ್ಲಿ ದಶಕಗಳ ಕಾಲ ತಯಾರಾಯಿತು. ಇದರ 2.2 ಲೀಟರ್ ಪೆಟ್ರೋಲ್ ಎಂಜಿನ್‌ನಲ್ಲಿ ಒಳಸೇರುವ ಕವಾಟಗಳು ಮೇಲ್ಭಾಗದಲ್ಲಿ ಇದ್ದುದರಿಂದ ಎಂಜಿನ್ ಎತ್ತರವಾಯಿತು. ಬಾನೆಟ್ ಎತ್ತರಿಸಿದ್ದು ಅದಕ್ಕಾಗಿಯೇ. 1980ರ ದಶಕದ ಎಂಎಂ-540 ಪ್ಯೂಜೋ ತಂತ್ರಜ್ಞಾನದ ಡೀಸೆಲ್ ಎಂಜಿನ್ ಹೊಂದಿತ್ತು. ನಿಸ್ಸಾನ್ ಪಟ್ರೋಲ್ ಮಾದರಿಯನ್ನು ಆಧರಿಸಿ ಜಬಲ್ಪುರದ ವಾಹನ ಕಾರ್ಖಾನೆಯಲ್ಲಿ ಸೇನೆಗಾಗಿ ತಯಾರಾದ ಜೋಂಗಾ ಆರು ಸಿಲಿಂಡರಿನ, ಸುಮಾರು 4 ಲೀಟರ್ ಪೆಟ್ರೋಲ್ ಎಂಜಿನ್‌ನ ಭಾರೀ ವಾಹನ. ಇಂಧನದ ಖರ್ಚು ನೆನೆದರೆ ಇದು ಎಲ್ಲರಿಗೂ ಹೊಂದುವಂಥದಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಹಗುರವಾದುದು, ಹೊಸ ಹವ್ಯಾಸಿಗೆ ಸುಲಭವಾದುದು.

ಪೂರೈಕೆ ಕುಗ್ಗುತ್ತಿದೆ

ಹಿಂದೆ ಸರ್ಕಾರಿ ಇಲಾಖೆಗಳು ನಿರುಪಯುಕ್ತವೆಂದು ಹರಾಜು ಹಾಕುತ್ತಿದ್ದ ಜೀಪುಗಳು ಹವ್ಯಾಸಿಗಳಿಗೆ ಮುಖ್ಯ ಮೂಲವಾಗಿದ್ದವು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ; ಸೇನಾ ಕಾರ್ಯಾಚರಣೆಯಂತಹ ವಿಶೇಷ ವಾಹನಗಳನ್ನು ಬಿಟ್ಟು ಉಳಿದವು ನೋಂದಾಯಿತ ಗುಜರಿ ಘಟಕಗಳಿಗೆ ಹೋಗಬೇಕು. ಹೀಗಾಗಿ ಖಾಸಗಿಯವರ ಬಳಿ ಸಜೀವ ದಾಖಲೆಯೊಂದಿಗೆ ಉಳಿದಿರುವ ಜೀಪುಗಳೇ ಇನ್ನು ಮುಂದಿನ ಸಂಪತ್ತು. ಖಾಸಗಿ ವಾಹನಗಳಿಗೆ ನಮ್ಮ ರಾಜ್ಯದಲ್ಲಿ ವಯಸ್ಸಿನ ನಿಷೇಧವಿಲ್ಲ. ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದರೆ 15 ವರ್ಷದ ನಂತರ 5 ವರ್ಷಕ್ಕೊಮ್ಮೆ ನವೀಕರಣ ದೊರೆಯುತ್ತದೆ.

ದಾಖಲೆ ಪರಿಶೀಲನೆ

ಮುಂಗಡ ಕೊಡುವ ಮುನ್ನ ನೋಂದಣಿ ಪತ್ರವನ್ನು ಕೈಗೆ ತೆಗೆದುಕೊಂಡು ಈ ಕೆಳಗಿನವುಗಳನ್ನು ನೋಡಬೇಕು.

ಒಂದು, ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ವಾಹನದ ಮೇಲಿರುವ ಅಚ್ಚಿಗೆ ಅಕ್ಷರಶಃ ಹೊಂದಬೇಕು. ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಳ್ಳಿರಿ. ಅಂಕಿಗಳ ಸುತ್ತ ಉಜ್ಜಿದ ಅಥವಾ ಬೆಸೆದ ಗುರುತಿದ್ದರೆ ಎಷ್ಟೇ ಅಗ್ಗವಾದರೂ ಆ ವಾಹನ ಬೇಡ.

ಎರಡು, 1989ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಯಾಗುವ ಮುನ್ನ ನೋಂದಣಿಯಾದ ವಾಹನಗಳ ವಿವರ ಗಣಕೀಕೃತ ವಾಹನ್ ವ್ಯವಸ್ಥೆಗೆ ಸೇರದೆ ಉಳಿದಿರಬಹುದು. ಸೇರಿರದಿದ್ದರೆ ಮೂಲ ನೋಂದಣಿ ಕಚೇರಿಯ ದಾಖಲೆಯ ಆಧಾರದಿಂದ ಸೇರಿಸಿಕೊಡುವ ಹೊಣೆಯನ್ನು ಮಾರಾಟಗಾರನೇ ಹೊರುವಂತೆ ಬರವಣಿಗೆಯಲ್ಲಿ ಒಪ್ಪಂದವಾಗಬೇಕು.

ಮೂರು, ನವೀಕರಣದ ಅವಧಿ ಯಾವಾಗ ಮುಗಿದಿದೆ ಎಂಬುದು. ಲಘು ಮೋಟಾರು ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. 20 ವರ್ಷ ಮೀರಿದವುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆಯಿಂದ 10,000 ರೂಪಾಯಿ ಆಗಿದೆ. ಅರ್ಜಿ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. 5 ವರ್ಷದ ವಿಳಂಬವೆಂದರೆ ಇದೊಂದೇ ಬಾಬ್ತಿಗೆ 30,000 ರೂಪಾಯಿ. ಹಸಿರು ತೆರಿಗೆ ಬೇರೆ. ಈ ಲೆಕ್ಕವನ್ನು ರಾಯಚೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ಹಾಕಿಸಿ, ಖರೀದಿ ಬೆಲೆಯಿಂದ ಕಳೆದು ಚೌಕಾಶಿ ಮಾಡುವುದು ಜಾಣತನ.

ನಾಲ್ಕು, ಗದ್ವಾಲ, ಕರ್ನೂಲು ಮೊದಲಾದ ನೆರೆರಾಜ್ಯದ ಊರುಗಳು ನಮಗೆ ಹತ್ತಿರ. ಅಲ್ಲಿಂದ ತರುವ ವಾಹನಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ 28ನೇ ನಮೂನೆ, ಅಗತ್ಯ. 12 ತಿಂಗಳು ಮೀರಿ ಇಲ್ಲಿ ಇರಿಸಿಕೊಂಡರೆ ಹೊಸ ಕೆಎ-36 ಸಂಖ್ಯೆ ಪಡೆಯಬೇಕು, ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಸೇನೆಯ ಹರಾಜಿನ ವಾಹನವಾದರೆ ಹರಾಜಿನ ಮೂಲ ಕಾಗದಗಳಿಲ್ಲದೆ ಮುಂದುವರಿಯಬಾರದು.

ಬದಲಾದ ಎಂಜಿನ್: ನಮ್ಮ ಭಾಗದ ದೊಡ್ಡ ತೊಡಕು

ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಅನೇಕ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಯಿತು. ಅಂದಿನ ದುಡಿಮೆಗೆ ಅದು ಸರಿಯಾದ ಲೆಕ್ಕಾಚಾರವೇ ಆಗಿತ್ತು. ಆದರೆ ಬದಲಾವಣೆ ನೋಂದಣಿ ಪತ್ರದಲ್ಲಿ ನಮೂದಾಗಿರದಿದ್ದರೆ ಇಂದು ನವೀಕರಣವೇ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅಗಲವಾದ ಟೈರು, ಉದ್ದಗೊಳಿಸಿದ ಚಾಸಿ, ಕತ್ತರಿಸಿದ ಮೈಕಟ್ಟು ಇವೆಲ್ಲ ಆಕರ್ಷಕವಾಗಿ ಕಂಡರೂ ತಪಾಸಣೆಯಲ್ಲಿ ತೊಡಕಾಗುತ್ತವೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಮತ್ತು ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಆದರೆ ಅಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ, ವಾಣಿಜ್ಯಕ್ಕಾಗಲಿ ಬಳಸುವಂತಿಲ್ಲ. ಆದ್ದರಿಂದ ಹೊಲ, ಗಂಜ್‌ಗಳಿಗೆ ಓಡಿಸುವ ಇರಾದೆಯಿದ್ದವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಲೇಸು.

ಚಾಸಿ ಮತ್ತು ಯಂತ್ರಭಾಗ

ಒಣಹವೆಯ ನಮ್ಮ ಜಿಲ್ಲೆಯ ವಾಹನಗಳಿಗೆ ಕರಾವಳಿಯ ವಾಹನಗಳಷ್ಟು ತುಕ್ಕು ಹಿಡಿಯುವುದಿಲ್ಲ. ಆದರೂ ಚಾಸಿಯ ಸಂದುಗಳಲ್ಲಿ ಗಟ್ಟಿಯಾಗಿ ಕುಳಿತ ಎರೆಮಣ್ಣು ತೇವವನ್ನು ಹಿಡಿದಿಟ್ಟು ಒಳಗಿನಿಂದ ಕಬ್ಬಿಣವನ್ನು ತಿನ್ನುತ್ತದೆ. ಸ್ಪ್ರಿಂಗ್ ಪಟ್ಟಿಗಳು ಕೂಡುವ ಜಾಗ, ಅಡ್ಡಪಟ್ಟಿಗಳು ಮತ್ತು ಆಸನದ ಕೆಳಗಿನ ಇಂಧನ ಟ್ಯಾಂಕು ಇವುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಹೊಸ ಬಣ್ಣದ ವಾಹನದ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎಂಬ ಮಾತು ಇಲ್ಲಿ ಹೆಚ್ಚು ಸಲ್ಲುತ್ತದೆ. ಆಯಸ್ಕಾಂತ ಹಿಡಿದಾಗ ಅಂಟದ ಜಾಗದಲ್ಲಿ ತಗಡಿಲ್ಲ, ಪುಟ್ಟಿಯಿದೆ ಎಂದರ್ಥ.

ಮುಂಗಾಲಿಗಳನ್ನು ಜಾಕಿಯಿಂದ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿದಾಗ ಸಡಿಲ ಕಂಡರೆ ಕಿಂಗ್‌ಪಿನ್ ಬೇರಿಂಗ್ ಅಥವಾ ಗಾಲಿಯ ಬೇರಿಂಗ್ ಸವೆದಿವೆ. ವೇಗದಲ್ಲಿ ಸ್ಟೀರಿಂಗ್ ನಡುಗುವುದಕ್ಕೆ ಹಲವು ಬಾರಿ ಇದೇ ಕಾರಣ. ನಾಲ್ಕು ಗಾಲಿಯ ಲಿವರನ್ನು ಮೆತ್ತನೆಯ ಮಣ್ಣಿನ ಮೇಲೆಯೇ ಪರೀಕ್ಷಿಸಬೇಕು. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲವಾದ್ದರಿಂದ ಡಾಂಬರಿನ ಮೇಲೆ ನಾಲ್ಕು ಗಾಲಿಯಲ್ಲಿ ಓಡಿಸಿದರೆ ಗೇರುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ನಮ್ಮ ಊರಿನಲ್ಲಿ ರೇಡಿಯೇಟರ್ ಅತಿ ಮುಖ್ಯ. ಕೊಳವೆಬಾವಿಯ ಗಡಸು ನೀರು ಸುರಿದ ರೇಡಿಯೇಟರ್‌ನ ಕೊಳವೆಗಳು ಸುಣ್ಣಕಟ್ಟಿ ಮುಚ್ಚಿಹೋಗಿರುತ್ತವೆ.

ಕೆಲಸದ ಕ್ರಮ

ದುರಸ್ತಿಯಲ್ಲಿ ಹಣ ಪೋಲಾಗುವುದು ಕ್ರಮ ತಪ್ಪಿದಾಗ. ಮೊದಲು ದಾಖಲೆ ಸರಿಪಡಿಸಿ ಮಾಲೀಕತ್ವ ವರ್ಗಾಯಿಸಿಕೊಳ್ಳಬೇಕು. ನಂತರ ವಾಹನವನ್ನು ಬಿಚ್ಚಿ, ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಚಿತ್ರ ತೆಗೆದಿಡಬೇಕು. ಬಳಿಕ ಚಾಸಿ, ಬ್ರೇಕು, ಸ್ಟೀರಿಂಗ್, ಆನಂತರ ಎಂಜಿನ್ ಮತ್ತು ಗೇರ್‌ಬಾಕ್ಸ್, ತದನಂತರ ವಿದ್ಯುತ್ ತಂತಿಗಳು. ಟಿಂಕರಿಂಗ್ ಮತ್ತು ಬಣ್ಣ ಕಟ್ಟಕಡೆಗೆ. ಮೊದಲೇ ಬಣ್ಣ ಬಳಿಸಿದವರು ವೆಲ್ಡಿಂಗ್ ಮುಗಿದ ಮೇಲೆ ಮತ್ತೊಮ್ಮೆ ಬಳಿಸಬೇಕಾಗುತ್ತದೆ.

ಬಿಡಿಭಾಗಗಳಿಗೆ ದೊಡ್ಡ ನಗರಗಳ ಗುಜರಿ ಮಾರುಕಟ್ಟೆಗಳೂ, ಜೀಪುಗಳ ಮರುನಿರ್ಮಾಣಕ್ಕೆ ಹೆಸರಾದ ಪಂಜಾಬ್–ಹರಿಯಾಣ ಗಡಿಯ ಡಬ್ವಾಲಿಯೂ ಇವೆ. ಆದರೆ ಬುಷ್, ಪಿನ್ನು, ಶಾಫ್ಟ್‌ಗಳಂತಹ ಭಾಗಗಳನ್ನು ನಮ್ಮ ಊರಿನ ಲೇತ್ ಕಾರ್ಯಾಗಾರಗಳಲ್ಲಿಯೇ ಮಾಡಿಸಬಹುದು. ಗಿರಣಿ ಯಂತ್ರಗಳಿಗೆ ಬಿಡಿಭಾಗ ತಿರುವಿ ಪಳಗಿದ ಕೈಗಳಿಗೆ ಇದು ಹೊಸ ಉದ್ಯೋಗವೂ ಆದೀತು. ಹಳೆಯ ಭಾಗವನ್ನು ಗುಜರಿಗೆ ಹಾಕದೆ ಅಳತೆಗಾಗಿ ಇಟ್ಟುಕೊಳ್ಳಬೇಕು. ವಾಹನ ಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿರುವುದು ಸ್ವಲ್ಪ ನೆಮ್ಮದಿ.

ಮಾರುವಾಗಿನ ತೆರಿಗೆ

ನೋಂದಾಯಿತ ವರ್ತಕರು ವ್ಯವಹಾರದ ಭಾಗವಾಗಿ ಹಳೆಯ ವಾಹನ ಮಾರಿದರೆ ಲಾಭಾಂಶದ ಮೇಲೆ ಶೇ. 18 ಜಿಎಸ್‌ಟಿ ಇದೆ. 2025ರ ಜನವರಿಯಿಂದ ಎಲ್ಲ ಬಗೆಯ ಹಳೆಯ ವಾಹನಗಳಿಗೂ ಇದೇ ದರ. ಇಲ್ಲಿ ಲಾಭಾಂಶವೆಂದರೆ ಮಾರಾಟ ಬೆಲೆಯಲ್ಲಿ ಖರೀದಿ ಬೆಲೆ ಕಳೆದ ಮೊತ್ತ. ದುರಸ್ತಿಯ ಖರ್ಚು ಕಳೆಯಲಾಗದು. 2 ಲಕ್ಷಕ್ಕೆ ಕೊಂಡು, 3 ಲಕ್ಷ ಖರ್ಚು ಮಾಡಿ, 5 ಲಕ್ಷಕ್ಕೆ ಮಾರಿದರೆ ಕೈಗೆ ಲಾಭವೇನೂ ಇಲ್ಲ; ಆದರೂ 3 ಲಕ್ಷದ ಮೇಲೆ 54,000 ರೂಪಾಯಿ ತೆರಿಗೆ ಬರುತ್ತದೆ. ಸಂಸ್ಥೆಯ ಲೆಕ್ಕದಲ್ಲಿ ಸವಕಳಿ ಪಡೆದ ಹಳೆಯ ಜೀಪಾದರೆ ಸವಕಳಿ ಕಳೆದು ಉಳಿದ ಮೌಲ್ಯವನ್ನು ಮಾತ್ರ ಕಳೆಯಬಹುದು. ಅದು ಬಹುತೇಕ ಸೊನ್ನೆಯಾಗಿರುವುದರಿಂದ ತೆರಿಗೆ ಹೆಚ್ಚುಕಡಿಮೆ ಪೂರ್ಣ ಬೆಲೆಯ ಮೇಲೆ ಬೀಳುತ್ತದೆ. ನೋಂದಣಿಯಿಲ್ಲದ ವ್ಯಕ್ತಿ ತನ್ನ ಸ್ವಂತದ ವಾಹನ ಮಾರಿದರೆ ಇದು ಅನ್ವಯಿಸದು. ತಮ್ಮ ತೆರಿಗೆ ಸಲಹೆಗಾರರೊಡನೆ ಮೊದಲೇ ಮಾತನಾಡುವುದು ಒಳಿತು. ವಿಮೆಯ ವಿಷಯದಲ್ಲಿ, 5 ವರ್ಷ ಮೀರಿದ ವಾಹನದ ಮೌಲ್ಯ ವಿಮಾ ಸಂಸ್ಥೆ ಮತ್ತು ಮಾಲೀಕರ ಪರಸ್ಪರ ಒಪ್ಪಿಗೆಯಿಂದ ನಿಗದಿಯಾಗುತ್ತದೆ. ಆದ್ದರಿಂದ ದುರಸ್ತಿಯ ರಸೀದಿಗಳನ್ನೂ ಚಿತ್ರಗಳನ್ನೂ ಜೋಪಾನವಾಗಿಡಬೇಕು.

ಹೀಗೆ ಲೆಕ್ಕ ಹಾಕಿದಾಗ ಹಳೆಯ ಜೀಪು ಬೇಗ ಲಾಭ ತರುವ ಸರಕಲ್ಲ ಎಂಬುದು ಸ್ಪಷ್ಟ. ಉಳಿಸಿಕೊಂಡು ಓಡಿಸುವವರಿಗೆ ಅದು ತಕ್ಕ ಸಂತೋಷ ಕೊಡುತ್ತದೆ. ತಮ್ಮ ಗಿರಣಿಯ ಮೂಲೆಯಲ್ಲಿ ಅಂತಹದೊಂದು ವಾಹನ ನಿಂತಿದ್ದರೆ ಸದಸ್ಯ ಬಾಂಧವರು ಗುಜರಿಯವನನ್ನು ಕರೆಯುವ ಮುನ್ನ ಅದರ ನೋಂದಣಿ ಪತ್ರವನ್ನು ಹುಡುಕಿ ತೆಗೆದು, ಅವಧಿಯನ್ನು ನೋಡಿಕೊಳ್ಳಲಿ. ತಡಮಾಡಿದ ಪ್ರತಿ ತಿಂಗಳಿಗೂ ದಂಡ ಬೆಳೆಯುತ್ತಿರುತ್ತದೆ.